ಸೋಡಾ ಡಬ್ಬಿಯಲ್ಲಿ ನಾರು ಎಷ್ಟು?

‘ಪೆಪ್ಸಿ’ ಎಂಬ ಹೆಸರು ಅಜೀರ್ಣದಿಂದ ಹುಟ್ಟಿತು ಎಂದರೆ ಓದುಗರು ನಗಬಹುದು. ಆದರೆ ಮಾತು ನಿಜ. ಅಮೆರಿಕದ ನಾರ್ತ್ ಕರೋಲಿನಾ ರಾಜ್ಯದ ನ್ಯೂ ಬರ್ನ್ ಎಂಬ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕೇಲಬ್ ಬ್ರಾಡಮ್ 1893ರಲ್ಲಿ ಒಂದು ಸಿಹಿ ಪಾನೀಯವನ್ನು ತಯಾರಿಸಿದ. ಅದು ಜೀರ್ಣಶಕ್ತಿಗೆ ಒಳ್ಳೆಯದೆಂದು ಆತನ ನಂಬಿಕೆ. ಹಾಗಾಗಿ ಅಜೀರ್ಣಕ್ಕೆ ವೈದ್ಯರು ಬಳಸುವ ‘ಡಿಸ್‌ಪೆಪ್ಸಿಯಾ’ ಎಂಬ ಪದದಿಂದ ಒಂದು ತುಂಡು ತೆಗೆದು 1898ರಲ್ಲಿ ಅದಕ್ಕೆ ಪೆಪ್ಸಿ-ಕೋಲಾ ಎಂದು ನಾಮಕರಣ ಮಾಡಿದ. 1886ರಲ್ಲಿ ಕೋಕಾ-ಕೋಲಾ ತಯಾರಿಸಿದ ಅಟ್ಲಾಂಟಾದ ಜಾನ್ ಪೆಂಬರ್ಟನ್ ಕೂಡ ಔಷಧಿ ಅಂಗಡಿಯವನೇ. ಸೋಡಾ ಎಂಬುದು ಮೊದಲಿಗೆ ಔಷಧಿಯ ವೇಷದಲ್ಲೇ ಬಂದದ್ದು. ಸಕ್ಕರೆ ನೀರೆಂಬ ಕುಖ್ಯಾತಿ ಅಂಟಿಕೊಂಡದ್ದು ಆಮೇಲೆ.

ಈಗ ಹಳೆಯ ವೇಷ ಮತ್ತೆ ಹೊರಬಂದಿದೆ. 2025ರ ಮಾರ್ಚ್‌ನಲ್ಲಿ ಪೆಪ್ಸಿಕೋ ಸಂಸ್ಥೆಯು ಟೆಕ್ಸಸ್‌ನ ಆಸ್ಟಿನ್ ನಗರದ ‘ಪಾಪಿ’ ಎಂಬ ಸೋಡಾ ಕಂಪನಿಯನ್ನು 195 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. (ನಮ್ಮ ಲಿಪಿಯಲ್ಲಿ ಬರೆದಾಗ ಬರುವ ಅರ್ಥಕ್ಕೆ ಆ ಕಂಪನಿ ಹೊಣೆಯಲ್ಲ!) ಅದಕ್ಕೆ ಒಂದು ತಿಂಗಳು ಮೊದಲೇ ಕೋಕಾ-ಕೋಲಾ ಕೂಡ ‘ಸಿಂಪ್ಲಿ ಪಾಪ್’ ಎಂಬ ಹೆಸರಿನಲ್ಲಿ ಇದೇ ಜಾತಿಯ ಪಾನೀಯವನ್ನು ಪ್ರಕಟಿಸಿತ್ತು. ಇವೆಲ್ಲ ಕರುಳಿನ ಆರೋಗ್ಯಕ್ಕೆ ಹಿತ ಎಂಬುದು ಜಾಹೀರಾತಿನ ಸಾರ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಇಂಥ ಡಬ್ಬಿಗಳು ಕಾಣಿಸಿಕೊಳ್ಳತೊಡಗಿವೆ.

ಹಾಗಾದರೆ ಡಬ್ಬಿಯೊಳಗೆ ಇರುವುದೇನು?

ಇರುವುದು ಇನ್ಯುಲಿನ್. ಇದು ಸಕ್ಕರೆ ರೋಗಿಗಳಿಗೆ ಚುಚ್ಚುವ ಇನ್ಸುಲಿನ್ ಅಲ್ಲ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಇನ್ಯುಲಿನ್ ಎಂದರೆ ಫ್ರಕ್ಟೋಸ್ ಕಣಗಳು ಸಾಲಾಗಿ ಪೋಣಿಸಿಕೊಂಡ ಒಂದು ಬಗೆಯ ನಾರು. ಈ ಪೋಣಿಕೆಯ ಕೊಂಡಿಯನ್ನು ಬಿಡಿಸಬಲ್ಲ ಕಿಣ್ವ ನಮ್ಮ ಜೀರ್ಣಾಂಗಗಳಲ್ಲಿ ಇಲ್ಲ. ಆದ್ದರಿಂದ ಅದು ಜಠರ, ಸಣ್ಣ ಕರುಳು ಎರಡನ್ನೂ ದಾಟಿ ಹೋದ ಹಾಗೆಯೇ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ಕಾದು ಕುಳಿತ ಬ್ಯಾಕ್ಟೀರಿಯಾಗಳಿಗೆ, ಮುಖ್ಯವಾಗಿ ಬೈಫಿಡೋಬ್ಯಾಕ್ಟೀರಿಯಾ ಎಂಬ ಗುಂಪಿಗೆ, ಅದೇ ಊಟ. ಅವು ಅದನ್ನು ಹುದುಗಿಸಿದಾಗ ಕೆಲವು ಸಣ್ಣ ಆಮ್ಲಗಳು ಹುಟ್ಟುತ್ತವೆ. ಅವುಗಳ ಪೈಕಿ ಬ್ಯುಟಿರೇಟ್ ಎಂಬುದು ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ನೇರ ಆಹಾರ. ಇಷ್ಟು ವಿಜ್ಞಾನ ಗಟ್ಟಿಯಾದದ್ದೇ, ಜಾಹೀರಾತಿನವರ ಕಲ್ಪನೆಯಲ್ಲ.

ಇಂಥ ಆಹಾರಕ್ಕೆ ‘ಪ್ರಿಬಯಾಟಿಕ್’ ಎಂಬ ಹೆಸರನ್ನು 1995ರಲ್ಲಿ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು ಕೊಟ್ಟರು. ಇದಕ್ಕೂ ‘ಪ್ರೋಬಯಾಟಿಕ್’ಗೂ ಗೊಂದಲ ಬೇಡ. ಜಪಾನಿನ ಮಿನೊರು ಶಿರೋಟಾ ಬೆಳೆಸಿದ, 1935ರಿಂದ ಮಾರಾಟಕ್ಕೆ ಬಂದ ‘ಯಾಕುಲ್ಟ್’ನಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ತರಗತಿಯಲ್ಲಿ ನಾನು ಹೇಳುವುದು ಹೀಗೆ: ಪ್ರೋಬಯಾಟಿಕ್ ಎಂದರೆ ಹೊಲಕ್ಕೆ ಬೀಜ ಬಿತ್ತಿದ ಹಾಗೆ, ಪ್ರಿಬಯಾಟಿಕ್ ಎಂದರೆ ಇರುವ ಪೈರಿಗೆ ಗೊಬ್ಬರ ಹಾಕಿದ ಹಾಗೆ.

ಕಾರ್ಖಾನೆಗಳಿಗೆ ಬೇಕಾದ ಇನ್ಯುಲಿನ್ ಹೆಚ್ಚಾಗಿ ಸಿಗುವುದು ಚಿಕೋರಿ ಬೇರಿನಿಂದ. ಹೌದು, ನಮ್ಮ ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ. ಆದರೆ ಬೇರನ್ನು ಹುರಿಯುವಾಗ ಅದರ ಇನ್ಯುಲಿನ್ ಬಹುಪಾಲು ಒಡೆದುಹೋಗಿ ಆ ಕಂದು ಬಣ್ಣ, ಕಹಿಮಿಶ್ರಿತ ಪರಿಮಳ ಬರುತ್ತದೆ. ಫಿಲ್ಟರ್ ಕಾಫಿಯನ್ನು ಕರುಳಿನ ಔಷಧಿ ಎಂದು ಸಮರ್ಥಿಸಿಕೊಳ್ಳಲು ಬರುವುದಿಲ್ಲ. ಇನ್ನು ಕೆಲವು ಕಂಪನಿಗಳು ಹೊಲದ ಬೇಲಿಯಲ್ಲಿ ಬೆಳೆಯುವ ಕತ್ತಾಳೆಯ ಸಂಬಂಧಿಯಾದ ಅಗೇವ್ ಗಿಡದಿಂದ ಇನ್ಯುಲಿನ್ ತೆಗೆಯುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಗಳಲ್ಲೂ ಅದು ಅಷ್ಟಿಷ್ಟು ಇದೆ.

2025ರ ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಫ್ರಿಜ್‌ನ ಒಂದು ಅಂತಸ್ತು ಪೂರ್ತಿ ಈ ಡಬ್ಬಿಗಳೇ. ಅಳಿಯಂದಿರು ಸಾಫ್ಟ್‌ವೇರ್ ಕೆಲಸದವರು, ದಿನಕ್ಕೆರಡು ಕೋಲಾ ಕುಡಿಯುವ ಅಭ್ಯಾಸವಿತ್ತು. ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿರೇಖೆಗೆ ಬಂದಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ ಇದಕ್ಕೆ ಬದಲಾಯಿಸಿದ್ದರು. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. 355 ಮಿಲಿಲೀಟರಿನ ಕೋಕಾ-ಕೋಲಾ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ. ಎರಡು ಡಬ್ಬಿಗೆ 78 ಗ್ರಾಂ, ಅಂದರೆ ಹದಿನೈದು ಚಮಚಕ್ಕೂ ಮಿಕ್ಕಿ. ಅವರ ಹೊಸ ಡಬ್ಬಿಯಲ್ಲಿ ಬರೇ 5 ಗ್ರಾಂ.

ನನಗೆ ಚಿಂತೆ ಹತ್ತಿದ್ದು ಊಟದ ಹೊತ್ತಿಗೆ. ತಟ್ಟೆಯ ಹುರುಳಿಕಾಯಿ ಪಲ್ಯವನ್ನು ಅಂಚಿಗೆ ಸರಿಸಿ, “ನಾರೆಲ್ಲ ಡಬ್ಬಿಯಲ್ಲೇ ಬರುತ್ತಲ್ಲ ಮಾವ” ಎಂದರು. ಮಗಳು ನನ್ನ ಮುಖ ನೋಡಿದಳು. ಮೇಷ್ಟರಿಗೆ ಲೆಕ್ಕ ಮಾಡದೆ ನಿದ್ದೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಆಹಾರದಿಂದಲೇ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಳಿಯಂದಿರ ಡಬ್ಬಿಯ ಮೇಲೆ ಬರೆದಿದ್ದುದು 2 ಗ್ರಾಂ. ಎರಡು ಕುಡಿದರೆ ನಾಲ್ಕು. ಇನ್ನೊಂದು ಲೆಕ್ಕ: ಚಿಕೋರಿ ಇನ್ಯುಲಿನ್ ಮಲವಿಸರ್ಜನೆಯನ್ನು ಸುಗಮಗೊಳಿಸುತ್ತದೆ ಎಂಬ ಹೇಳಿಕೆಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿಗೆ ಕೊಟ್ಟದ್ದು ದಿನಕ್ಕೆ 12 ಗ್ರಾಂ ಸೇವಿಸಿದರೆ ಮಾತ್ರ. ಆರು ಡಬ್ಬಿ! ಒಂದಕ್ಕೆ ಎರಡೂವರೆ ಡಾಲರಿನಂತೆ ದಿನಕ್ಕೆ ಹದಿನೈದು ಡಾಲರ್. ಇತ್ತ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ತೋರಿಸುತ್ತದೆ. ರಾಗಿಯ ನಾರೆಲ್ಲ ಇನ್ಯುಲಿನ್ ಅಲ್ಲ, ನಿಜ. ಆದರೆ ಕರುಳಿನಲ್ಲಿರುವುದೂ ಒಂದೇ ಜಾತಿಯ ಬ್ಯಾಕ್ಟೀರಿಯಾ ಅಲ್ಲ. ಬೇಳೆ, ಸೊಪ್ಪು, ಕಾಳು, ಹಣ್ಣುಗಳ ಬೇರೆ ಬೇರೆ ನಾರು ಬೇರೆ ಬೇರೆ ಜಾತಿಗಳಿಗೆ ಸಲ್ಲುತ್ತದೆ. ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದೆರಡು ಬಗೆಯಷ್ಟೇ.

ಈ ಲೆಕ್ಕ ನನಗೊಬ್ಬನಿಗೇ ಹೊಳೆದದ್ದಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕರೊಬ್ಬರು ಪಾಪಿ ಕಂಪನಿಯ ಮೇಲೆ ದಾವೆ ಹೂಡಿ, ಕರುಳಿಗೆ ಪ್ರಯೋಜನವಾಗಬೇಕಾದರೆ ದಿನಕ್ಕೆ ನಾಲ್ಕು ಡಬ್ಬಿಗಿಂತ ಹೆಚ್ಚು ಕುಡಿಯಬೇಕಾಗುತ್ತದೆ, ಅಷ್ಟರಲ್ಲಿ ಸಕ್ಕರೆಯೂ ಏರುತ್ತದೆ ಎಂದು ವಾದಿಸಿದರು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ 2025ರಲ್ಲಿ 89 ಲಕ್ಷ ಡಾಲರ್ ಕೊಟ್ಟು ರಾಜಿಗೆ ಒಪ್ಪಿತು. ಎಲ್ಲ ಡಬ್ಬಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದನ್ನೂ ಹೇಳಬೇಕು. ಸಿಂಪ್ಲಿ ಪಾಪ್‌ನಲ್ಲಿ 6 ಗ್ರಾಂ ನಾರು ಇದೆ. ಪೆಪ್ಸಿಯವರು 2025ರ ಜುಲೈನಲ್ಲಿ ಪ್ರಕಟಿಸಿದ ಪ್ರಿಬಯಾಟಿಕ್ ಕೋಲಾದಲ್ಲಿ 3 ಗ್ರಾಂ.

ಮೂರು ವಾರದಲ್ಲಿ ಐದು ಬಗೆಯ ಡಬ್ಬಿಗಳನ್ನು ನಾನೂ ಕುಡಿದು ನೋಡಿದೆ. ಒಂದರಲ್ಲಿ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಎರಡರಲ್ಲಿ ಸ್ಟೀವಿಯಾ ಎಲೆಯ ಸಿಹಿ ಗಂಟಲಲ್ಲಿ ಬಹಳ ಹೊತ್ತು ಉಳಿಯಿತು. ಜೇಷ್ಠಮಧು ಜಗಿದ ಹಾಗೆ. ಶುಂಠಿಯದು ಚೆನ್ನಾಗಿತ್ತು. ನಾರು ಹೆಚ್ಚಿರುವ ಜಾತಿಯ ಎರಡನ್ನು ಪ್ರಯೋಗಾರ್ಥ ಒಂದೇ ಸಂಜೆ ಕುಡಿದಾಗ ರಾತ್ರಿ ಹನ್ನೊಂದರ ಹೊತ್ತಿಗೆ ಹೊಟ್ಟೆ ಗುಡುಗತೊಡಗಿತು. ಪುಸ್ತಕದಲ್ಲಿ ಬರೆದ ಹಾಗೆಯೇ! ಬ್ಯಾಕ್ಟೀರಿಯಾಗಳು ಇನ್ಯುಲಿನ್ ಹುದುಗಿಸುವಾಗ ಆಮ್ಲಗಳ ಜೊತೆಗೆ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಅನಿಲಗಳೂ ಹೊರಬರುತ್ತವೆ. ಕೆಲವರ ಕರುಳಿನಲ್ಲಿ ಮೀಥೇನ್ ಕೂಡ. ಐ.ಬಿ.ಎಸ್. ಎಂಬ ಕರುಳಿನ ಕಿರಿಕಿರಿ ಇರುವವರಿಗೆ ಇದರಿಂದ ಉಬ್ಬರ, ನೋವು ಜಾಸ್ತಿಯಾಗುವುದುಂಟು. ಅಂಥವರಿಗೆ ಈರುಳ್ಳಿ, ಬೆಳ್ಳುಳ್ಳಿಯನ್ನೇ ಕೆಲಕಾಲ ಬಿಡುವಂತೆ ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಇನ್ನು ಹಲ್ಲಿನ ಮಾತು. ಸಕ್ಕರೆ ಕಡಿಮೆಯಾದ ಮಾತ್ರಕ್ಕೆ ಸೋಡಾದ ಆಮ್ಲೀಯತೆ ಎಲ್ಲಿಗೂ ಹೋಗುವುದಿಲ್ಲ.

ಅಳಿಯಂದಿರಿಗೆ ಡಬ್ಬಿ ಬಿಡಿ ಎಂದು ನಾನು ಹೇಳಲಿಲ್ಲ. ಬಿಟ್ಟರೆ ಕೋಲಾಕ್ಕೆ ಮರಳುತ್ತಾರೆಂಬ ಭಯ ಮಗಳಿಗೂ ಇತ್ತು, ನನಗೂ ಇತ್ತು. ಲೆಕ್ಕದ ಚೀಟಿಯನ್ನು ಫ್ರಿಜ್‌ನ ಬಾಗಿಲಿಗೆ ಅಂಟಿಸಿ ಬಂದೆ. ಈಗ ದಿನಕ್ಕೊಂದೇ ಡಬ್ಬಿಯಂತೆ, ಪಲ್ಯ ತಟ್ಟೆಯ ಮಧ್ಯಕ್ಕೆ ಬಂದಿದೆಯಂತೆ. ಮುಂದಿನ ರಕ್ತಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ.

ಇಲ್ಲಿ ಕೊಳ್ಳುವವರು ಡಬ್ಬಿಯ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಿ. ನಾರು ಎಷ್ಟು ಗ್ರಾಂ, ಸಕ್ಕರೆ ಎಷ್ಟು ಗ್ರಾಂ, ಆ ಅಂಕಿ ಪೂರ್ತಿ ಡಬ್ಬಿಗೋ 100 ಮಿಲಿಲೀಟರಿಗೋ ಎಂಬುದನ್ನು ನೋಡಿ. ಅಭ್ಯಾಸವಿಲ್ಲದವರು ಮೊದಲ ಸಲ ಅರ್ಧ ಡಬ್ಬಿಯಷ್ಟೇ, ಅದೂ ಊಟದ ಜೊತೆಗೆ ಕುಡಿಯುವುದು ಮೇಲು. ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟ ದಿನ ಮಾತ್ರ ಬೇಡವೇ ಬೇಡ.