ಥಳುಕಿನ ಬೇಸ್ ಗಿಟಾರ್‌ಗೂ ವಯಸ್ಸಿಗೂ ಏನು ಸಂಬಂಧ?

ಮಂಚದ ಅಡಿಯಿಂದ ಎಳೆದ ಉದ್ದನೆಯ ಪೆಟ್ಟಿಗೆಯ ಧೂಳು ಒರೆಸಿ ಮುಚ್ಚಳ ತೆರೆದಾಗ ಕಂಡದ್ದು ಕಡುಗೆಂಪು ಬಣ್ಣದ, ನಾಲ್ಕೂ ಕಡೆ ಕೊಂಬು ಚಾಚಿಕೊಂಡಿದ್ದ ಒಂದು ಬೇಸ್ ಗಿಟಾರ್. ಅದರ ಒಡೆಯರು ನನ್ನ ಪರಿಚಿತರು, ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, ವಯಸ್ಸು 53. ಕಾಲೇಜು ದಿನಗಳಲ್ಲಿ ರಾಕ್ ತಂಡವೊಂದರಲ್ಲಿ ನುಡಿಸುತ್ತಿದ್ದವರು. ಹಳೆಯ ಗೆಳೆಯರು ಮತ್ತೆ ಒಂದುಗೂಡಿ ಒಂದು ಸಂಜೆ ವೇದಿಕೆ ಏರೋಣ ಎಂದಾಗ ಎರಡನೆಯ ಮಾತಿಲ್ಲದೆ ಒಪ್ಪಿಕೊಂಡಿದ್ದರು. ಅಳುಕು ಹುಟ್ಟಿದ್ದು ಪೆಟ್ಟಿಗೆ ತೆರೆದ ಮೇಲೆ.

"ನುಡಿಸುವುದಕ್ಕೆ ಹೆದರಿಕೆ ಇಲ್ಲ. ಈ ವಯಸ್ಸಿನಲ್ಲಿ ಇದನ್ನು ಹೆಗಲಿಗೆ ಹಾಕಿಕೊಂಡು ನಿಂತರೆ ಜನ ನಗುವುದಿಲ್ಲವೇ?" ಎಂದು ಕೇಳಿದರು. ಪಕ್ಕದಲ್ಲಿದ್ದ ಮಗಳು ಉತ್ತರ ಹೇಳಲಿಲ್ಲ, ನಕ್ಕಳು. ಅಷ್ಟು ಸಾಕಾಯಿತು. ಅದನ್ನು ಮಾರಿ, ಕಂದು ಬಣ್ಣದ ಸಾಧಾರಣ ವಾದ್ಯವೊಂದನ್ನು ಕೊಳ್ಳುವ ನಿರ್ಧಾರಕ್ಕೆ ಅವರು ಆಗಲೇ ಬಂದಿದ್ದರು.

ಸಂಗತಿ ಕ್ಷುಲ್ಲಕವೆಂದು ತೋರಬಹುದು. ಆದರೆ ಮೂವತ್ತು ವರ್ಷ, ನಾಲ್ಕು ಬಾಡಿಗೆ ಮನೆಗಳ ನಡುವೆ ಜೋಪಾನ ಮಾಡಿಕೊಂಡು ಬಂದ ವಸ್ತುವನ್ನು ಒಂದು ನಗೆಯ ಕಾರಣಕ್ಕೆ ಕೈಬಿಡುವುದು ಸಣ್ಣ ಮಾತೇನಲ್ಲ. ಅಷ್ಟಕ್ಕೂ ಈ ಮುಜುಗರ ಬರುವುದೆಲ್ಲಿಂದ? ವಾದ್ಯದಿಂದಲೋ, ವಯಸ್ಸಿನಿಂದಲೋ? ಇದನ್ನು ತಿಳಿಯಲು ಬೇಸ್ ಗಿಟಾರ್‌ಗೆ ಇಂತಹ ಚಿತ್ರವಿಚಿತ್ರ ಆಕಾರಗಳು ಹೇಗೆ ಬಂದವೆಂಬುದನ್ನು ಮೊದಲು ನೋಡಬೇಕಾಗುತ್ತದೆ.

ಆಕಾರಕ್ಕೆ ಏಕಿಷ್ಟು ಸ್ವಾತಂತ್ರ್ಯ?

ವೀಣೆಯ ಕೊಡವನ್ನು ಮನಬಂದಂತೆ ಕೆತ್ತಲಾಗದು. ತಂತಿಯ ಕಂಪನಕ್ಕೆ ಮೈದುಂಬುವುದು ಅದರ ಟೊಳ್ಳು. ಪಿಟೀಲಿನದೂ ಅದೇ ಕಥೆ. ವಿದ್ಯುತ್ ಬೇಸ್ ಗಿಟಾರ್‌ನ ಒಡಲಾದರೋ ಘನವಾದ ಮರದ ಹಲಗೆ. ಉಕ್ಕಿನ ತಂತಿ ಕಂಪಿಸಿದಾಗ ಅದರ ಅಡಿಯಲ್ಲಿರುವ ಅಯಸ್ಕಾಂತ ಹಾಗೂ ತಾಮ್ರದ ಸುರುಳಿಯಲ್ಲಿ, ಅಂದರೆ ಪಿಕಪ್‌ನಲ್ಲಿ, ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ನಾದಪೆಟ್ಟಿಗೆಯ ಹೊಣೆಯಿಂದ ಬಿಡುಗಡೆ ಪಡೆದ ಹಲಗೆಯನ್ನು ನಕ್ಷತ್ರದಂತೆ ಕತ್ತರಿಸಿದರೂ ಕೊಡಲಿಯಂತೆ ಕತ್ತರಿಸಿದರೂ ದನಿಯಲ್ಲಿ ಆಗುವ ವ್ಯತ್ಯಾಸ ಬಹಳ ಕಡಿಮೆ.

ಈ ವಾದ್ಯವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1951ರಲ್ಲಿ ಅವರು ತಯಾರಿಸಿದ ಪ್ರಿಸಿಷನ್ ಬೇಸ್, ಅಲ್ಲಿಯವರೆಗೆ ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ತಿರುಗುತ್ತಿದ್ದ ಕಲಾವಿದರ ಪಾಲಿಗೆ ವರದಾನವಾಯಿತು. ವೀಣೆಯ ಮೆಟ್ಟಿಲುಗಳಂತಹ ಲೋಹದ ಅಡ್ಡಪಟ್ಟಿಗಳಿದ್ದುದರಿಂದ ಸ್ವರ ತಪ್ಪುವ ಭಯವಿರಲಿಲ್ಲ. ನಿಖರತೆ ಎಂಬರ್ಥದ ಹೆಸರು ಬಂದದ್ದೂ ಅದರಿಂದಲೇ. ನೋಡಲು ಅದೊಂದು ಸೌಮ್ಯ ವಸ್ತು, ತೆಳು ಹಳದಿ ಮೈ, ಕಪ್ಪು ಫಲಕ.

ಬೇಸ್ ವಾದಕನ ಸ್ಥಾನವೂ ಅಷ್ಟೇ ಸೌಮ್ಯ. ಅವನ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಆ ತಗ್ಗಿನ ದನಿಯನ್ನು ಕೇಳುಗ ಗುರುತಿಸುವುದಕ್ಕಿಂತ ಅನುಭವಿಸುವುದೇ ಹೆಚ್ಚು. ರಾಜನ್–ನಾಗೇಂದ್ರ ಜೋಡಿಯ 1970ರ ದಶಕದ ಗೀತೆಯೊಂದನ್ನು ಒಳ್ಳೆಯ ಸ್ಪೀಕರಿನಲ್ಲಿ ಆಲಿಸಿದರೆ ಗಾಯಕರ ದನಿಯ ಅಡಿಯಲ್ಲಿ ಮೆತ್ತಗೆ ಹೆಜ್ಜೆಯಿಡುವ ಬೇಸ್ ಕೇಳಿಸುತ್ತದೆ. ಹಾಡು ಎಲ್ಲರಿಗೂ ಬಾಯಿಪಾಠ, ನುಡಿಸಿದವರು ಯಾರೆಂದು ಕೇಳಿದವರು ಎಷ್ಟು ಮಂದಿ?

ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಅಸಂಖ್ಯ ಜನಪ್ರಿಯ ಗೀತೆಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರ ಹೆಸರು 1960ರ ದಶಕದಲ್ಲಿ ಧ್ವನಿಮುದ್ರಿಕೆಗಳ ಮೇಲೆ ಮುದ್ರಣವಾಗುತ್ತಲೇ ಇರಲಿಲ್ಲ. ಅವರ ಕೈಯಲ್ಲಿದ್ದದ್ದು 1962ರ ಸಾದಾ ಪ್ರಿಸಿಷನ್. ಬಲಗೈಯ ತೋರುಬೆರಳೊಂದರಿಂದಲೇ ನುಡಿಸುತ್ತಿದ್ದ ಅವರು ತಂತಿಗಳನ್ನೂ ಬದಲಿಸಲು ಒಪ್ಪುತ್ತಿರಲಿಲ್ಲ. 1983ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಬೇಸ್ ಕಲಿಯುವ ಪ್ರತಿಯೊಬ್ಬರೂ ಅವರ ನುಡಿಸಾಣಿಕೆಯನ್ನು ಪಾಠದಂತೆ ಅಭ್ಯಾಸ ಮಾಡುತ್ತಾರೆ. ಸಾದಾ ವಾದ್ಯವನ್ನು ಆರಿಸಿಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಸದಾ ಹಿಂದೆ ನಿಂತವನಿಗೂ ಒಮ್ಮೆ ಕಾಣಿಸಿಕೊಳ್ಳುವ ಆಸೆ ಇರುತ್ತದಲ್ಲವೇ? ಥಳುಕಿನ ಬೇಸ್ ಹುಟ್ಟಿದ್ದು ಆ ಆಸೆಯಿಂದ ಎಂಬುದು ನನ್ನ ಅನಿಸಿಕೆ.

ಕಾರಿನಿಂದ ಇಳಿದ ಬಣ್ಣ

ಬಣ್ಣದ ಕಥೆ ಇನ್ನೂ ಸ್ವಾರಸ್ಯಕರ. ಫೆಂಡರ್ ಕಂಪನಿ 1950ರ ದಶಕದ ಉತ್ತರಾರ್ಧದಿಂದ ಗಿಟಾರ್‌ಗಳಿಗೆ ಬಳಿದ ವಿಶೇಷ ಬಣ್ಣಗಳು ಮೋಟಾರು ವಾಹನಗಳಿಗೆಂದು ತಯಾರಾದವು. ಫಿಯೆಸ್ಟಾ ರೆಡ್ ಎಂಬ ಕೆಂಪು ಫೋರ್ಡ್ ಥಂಡರ್‌ಬರ್ಡ್ ಕಾರಿನದು, ಲೇಕ್ ಪ್ಲ್ಯಾಸಿಡ್ ಬ್ಲೂ ಎಂಬ ಹೊಳೆಯುವ ನೀಲಿ ಕ್ಯಾಡಿಲ್ಯಾಕ್‌ನದು. ಅಂತಹ ಬಣ್ಣ ಬೇಕಾದವರು ಶೇ 5ರಷ್ಟು ಹೆಚ್ಚು ಹಣ ತೆರಬೇಕಿತ್ತು. ಗಿಬ್ಸನ್ ಕಂಪನಿಯಂತೂ 1963ರಲ್ಲಿ ತನ್ನ ಥಂಡರ್‌ಬರ್ಡ್ ಬೇಸ್‌ನ ವಿನ್ಯಾಸವನ್ನು ರೇ ಡೀಟ್ರಿಕ್ ಎಂಬ ಕಾರು ವಿನ್ಯಾಸಕಾರರಿಂದಲೇ ಮಾಡಿಸಿತು. ಮಾರುಕಟ್ಟೆಯ ಗುರಿ ಆಗಿನ ಹದಿಹರೆಯದವರು. ಕಾರು ಕೊಳ್ಳಲಾಗದ ಹುಡುಗನಿಗೆ ಕಾರಿನ ಬಣ್ಣದ ಗಿಟಾರ್!

ಥಳುಕೆಂದರೆ ಯೌವನ ಎಂಬ ನಂಟು ಗಟ್ಟಿಯಾದದ್ದು ಹೀಗೆ. ಅದು ವ್ಯಾಪಾರದವರು ಹೆಣೆದ ನಂಟು. 1980ರ ದಶಕದಲ್ಲಿ ಹೆವಿಮೆಟಲ್ ಸಂಗೀತದ ಅಬ್ಬರದೊಂದಿಗೆ ಮೊನಚು ಕೊಂಬಿನ, ಮಿಂಚುವ ಗುಲಾಬಿ ಹಾಗೂ ಕಡುಗೆಂಪು ವಾದ್ಯಗಳು ಬಂದಾಗ ಅದು ಇನ್ನಷ್ಟು ಬಿಗಿಯಾಯಿತು. ತಮಾಷೆಯೆಂದರೆ, ಅಂದು ಪಡ್ಡೆಗಳ ಸೊತ್ತೆನಿಸಿದ್ದ 1960ರ ದಶಕದ ಕೆಂಪು, ನೀಲಿ ಫೆಂಡರ್‌ಗಳು ಇಂದು ಗಂಭೀರ ಸಂಗ್ರಾಹಕರ ಪಾಲಿನ ಪುರಾತನ ಅಮೂಲ್ಯ ವಸ್ತುಗಳು. ಅವನ್ನು ಹಿಡಿದ ವೃದ್ಧರನ್ನು ಕಂಡು ಯಾರೂ ನಗುವುದಿಲ್ಲ. ಆ ಲೆಕ್ಕದಲ್ಲಿ 1980ರ ದಶಕದ ಕೊಂಬಿನ ಬೇಸ್‌ಗೂ ಈಗ ನಲವತ್ತು ದಾಟಿದೆ. ಕೂದಲು ನರೆತದ್ದು ಒಡೆಯನದು ಮಾತ್ರವಲ್ಲ.

ನಕ್ಷತ್ರ ಹಿಡಿದವರಿಗೂ ವಯಸ್ಸಾಯಿತು

ಥಳುಕಿನ ಬೇಸ್ ಎಂದೊಡನೆ ನೆನಪಾಗುವವರು ಅಮೆರಿಕದ ಫಂಕ್ ಕಲಾವಿದ ಬೂಟ್ಸಿ ಕಾಲಿನ್ಸ್. 1951ರಲ್ಲಿ, ಅಂದರೆ ಪ್ರಿಸಿಷನ್ ಬೇಸ್ ಹುಟ್ಟಿದ ವರ್ಷವೇ, ಹುಟ್ಟಿದವರು. ಹದಿಹರೆಯ ಮುಗಿಯುವ ಮೊದಲೇ ಜೇಮ್ಸ್ ಬ್ರೌನ್ ಅವರ ತಂಡ ಸೇರಿ, ಬಳಿಕ ಪಾರ್ಲಿಮೆಂಟ್–ಫಂಕಡೆಲಿಕ್ ಬಳಗದಲ್ಲಿ ಮಿಂಚಿದರು. 1970ರ ದಶಕದ ಮಧ್ಯಭಾಗದಿಂದ ಅವರ ಗುರುತಾಗಿ ಉಳಿದದ್ದು ನಕ್ಷತ್ರಾಕಾರದ ಸ್ಪೇಸ್ ಬೇಸ್. ಕನ್ನಡಕವೂ ನಕ್ಷತ್ರವೇ. ಅರವತ್ತು ದಾಟಿದ ಮೇಲೂ ಅವರು ಅದನ್ನು ಕೆಳಗಿಡಲಿಲ್ಲ. 2019ರಲ್ಲಿ ವೇದಿಕೆ ಕಾರ್ಯಕ್ರಮಗಳಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿದಾಗ ಅವರು ಕೊಟ್ಟ ಕಾರಣವನ್ನು ಗಮನಿಸಬೇಕು: ಒಳಕಿವಿಗೂ ಬಲಗೈಗೂ ಬೀಳುವ ಒತ್ತಡ, ಮತ್ತು ವೈದ್ಯರ ಸಲಹೆ. ನಕ್ಷತ್ರ ತನ್ನ ವಯಸ್ಸಿಗೆ ಒಪ್ಪದು ಎಂದು ಅವರು ಹೇಳಲಿಲ್ಲ.

ಕಿಸ್ ತಂಡದ ಜೀನ್ ಸಿಮನ್ಸ್ ಅವರದು ಇನ್ನೂ ಅತಿರೇಕ. ಮುಖಕ್ಕೆ ಬಿಳಿ–ಕಪ್ಪು ಬಣ್ಣ, ಕೈಯಲ್ಲಿ ಕೊಡಲಿಯಾಕಾರದ ಬೇಸ್. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 2023ರ ಡಿಸೆಂಬರ್ 2ರಂದು ತಂಡ ವಿದಾಯ ಹೇಳಿದಾಗ ಅವರಿಗೆ 74. ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಅವರ ಪ್ರಸಂಗ ಬೇರೆ ರೀತಿಯದು. ಸಂಗಡಿಗರು ವೇದಿಕೆಯ ಮೇಲೆ ಕುಣಿದು ಕುಪ್ಪಳಿಸುತ್ತಿದ್ದರೆ ಇವರು ಕಂಬದಂತೆ ನಿಂತಿರುತ್ತಿದ್ದರು. ಅವರ ಪಾಲಿನ ಕುಣಿತವನ್ನೆಲ್ಲ ಬೆರಳುಗಳೂ, ರಣಹದ್ದಿನ ಆಕಾರದ ಬಜರ್ಡ್‌ನಂತಹ ವಾದ್ಯಗಳೂ ಮಾಡುತ್ತಿದ್ದವು. ಜೀವನವಿಡೀ ಕಿವಿಗಡಚಿಕ್ಕುವ ಸದ್ದಿನ ನಡುವೆ ನುಡಿಸಿದ ಅವರ ಶ್ರವಣಶಕ್ತಿ ಕೊನೆಯ ವರ್ಷಗಳಲ್ಲಿ ಬಹಳ ಕುಂದಿತ್ತು. 2002ರ ಜೂನ್‌ನಲ್ಲಿ, ಪ್ರವಾಸ ಆರಂಭವಾಗಬೇಕಿದ್ದ ಮುನ್ನಾದಿನ, 57ನೇ ವಯಸ್ಸಿನಲ್ಲಿ ನಿಧನರಾದರು. ಮರುವರ್ಷ ಅವರ ಗಿಟಾರ್ ಸಂಗ್ರಹ ಲಂಡನ್‌ನಲ್ಲಿ ಹರಾಜಾಯಿತು.

ಬೆಂಗಳೂರಿಗರಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ನುಡಿಸಿದಾಗ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅವರಿಗೆ 51 ತುಂಬಿ ಐದು ದಿನವಾಗಿತ್ತಷ್ಟೇ. ತಮ್ಮ ಮೆಚ್ಚಿನ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್‌ನ ಲಾಂಛನವನ್ನು ವಾದ್ಯದ ಮೇಲೆ ಬರೆಸಿಕೊಳ್ಳುವ, ಅದನ್ನು ಬಂದೂಕಿನಂತೆ ಸಭಿಕರತ್ತ ಗುರಿಯಿಡುವ ಮನುಷ್ಯ. ತಂಡದ ಐವತ್ತನೇ ವರ್ಷದ ಪ್ರವಾಸ 2025ರಲ್ಲಿ ಆರಂಭವಾದಾಗ ಅವರಿಗೆ 69. ಅಂದು ಅರಮನೆ ಮೈದಾನಕ್ಕೆ ಬಂದಿದ್ದ ಹುಡುಗರಲ್ಲಿ ಅನೇಕರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ತಮಗೆ ವಯಸ್ಸಾಯಿತೆಂದು ಕೊರಗುವವರೂ ಅವರೇ.

ವಾಸ್ತವವಾಗಿ ನಮ್ಮ ನಾಡಿನ ಕಲಾಪರಂಪರೆಗೆ ಈ ಮುಜುಗರವೇ ಹೊಸದು. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಕಿರೀಟ, ಭುಜಕೀರ್ತಿ ಧರಿಸಿ ರಂಗವೇರಿದರು. 'ಈ ವಯಸ್ಸಿನಲ್ಲಿ ಇಷ್ಟೊಂದು ಹೊಳಪು ಬೇಕೇ' ಎಂದು ಪ್ರೇಕ್ಷಕರು ಕೇಳಲಿಲ್ಲ, ರಾತ್ರಿಯಿಡೀ ಕುಳಿತು ನೋಡಿದರು. ಕದ್ರಿ ಗೋಪಾಲನಾಥರು ಮಿರುಗುವ ಅಂಗಿ ತೊಟ್ಟು, ಅದಕ್ಕಿಂತ ಮಿರುಗುವ ಸ್ಯಾಕ್ಸೋಫೋನ್ ಹಿಡಿದು ಕುಳಿತರೆಂದರೆ ಕಛೇರಿಗೆ ಕಳೆಯೇರುತ್ತಿತ್ತು. 2019ರಲ್ಲಿ, 69ನೇ ವಯಸ್ಸಿನಲ್ಲಿ ಅಗಲುವವರೆಗೂ ಅವರ ಗುರುತು ಅದೇ. ಕುಸುರಿ ಕೆಲಸದ ಮೈಸೂರು ವೀಣೆಯನ್ನು ಹಿರಿಯ ವೈಣಿಕರು ತೊಡೆಯ ಮೇಲಿಟ್ಟುಕೊಂಡರೆ ಅದು ಘನತೆ. ಕೆಂಪು ಬೇಸ್ ಅನ್ನು ಹೆಗಲಿಗೇರಿಸಿದರೆ ಮಾತ್ರ ಅದು ಹುಡುಗಾಟ! ಈ ಭೇದವನ್ನು ನಮಗೆ ಕಲಿಸಿದ್ದು ಸಂಗೀತವಲ್ಲ, ರಾಕ್ ಸಂಗೀತವನ್ನು ಮಾರಿದ ಜಾಹೀರಾತುಗಳು.

ಕನ್ನಡಿಯ ಬದಲು ತಕ್ಕಡಿ

ಹಾಗೆಂದು ವಯಸ್ಸು ಲೆಕ್ಕಕ್ಕೇ ಇಲ್ಲವೆನ್ನುವುದು ಸುಳ್ಳಾಗುತ್ತದೆ. ಸಾಮಾನ್ಯ ಬೇಸ್ ಗಿಟಾರ್ ಸುಮಾರು 4 ಕಿಲೋ ತೂಗುತ್ತದೆ. ಭಾರಿ ಮರದಲ್ಲಿ ಮಾಡಿದವು 5 ಕಿಲೋ ಮುಟ್ಟುವುದೂ ಉಂಟು. ಎರಡು ಗಂಟೆ ಅದು ಒಂದೇ ಹೆಗಲಿನ ಮೇಲೆ ನೇತಾಡಬೇಕು. ಇಪ್ಪತ್ತರಲ್ಲಿ ಲೆಕ್ಕಕ್ಕೆ ಬಾರದ ಈ ಭಾರ ಐವತ್ತರಲ್ಲಿ ಮರುದಿನ ಬೆಳಿಗ್ಗೆ ಕುತ್ತಿಗೆಯಲ್ಲಿ ಮಾತನಾಡುತ್ತದೆ. ವಿಚಿತ್ರ ಆಕಾರದ ವಾದ್ಯಗಳಲ್ಲಿ ಇನ್ನೊಂದು ತೊಡಕಿದೆ. ಒಡಲಿನ ತೂಕ ಸರಿಯಾಗಿ ಹಂಚಿಕೆಯಾಗದಿದ್ದರೆ ಉದ್ದನೆಯ ದಂಡಿ ಕೆಳಕ್ಕೆ ವಾಲುತ್ತದೆ. ಅದನ್ನು ಎತ್ತಿ ಹಿಡಿಯುವ ಹೆಚ್ಚುವರಿ ಕೆಲಸ ಎಡಗೈಗೆ ಬೀಳುತ್ತದೆ. ಮಣಿಕಟ್ಟು ನೋಯಲು ಇಷ್ಟು ಸಾಕು. ಕೆಳಗೂ ಕೊಂಬಿರುವ ವಾದ್ಯವಾದರೆ ಕುಳಿತು ನುಡಿಸುವುದೂ ಕಷ್ಟ, ಮೊನೆ ತೊಡೆಗೆ ಚುಚ್ಚುತ್ತದೆ.

ಇವಕ್ಕೆ ಪರಿಹಾರಗಳಿವೆ. ಅಗಲವಾದ ಹೆಗಲಪಟ್ಟಿ ಭಾರವನ್ನು ಹರಡುತ್ತದೆ. ಒಳಮೈ ಒರಟಾದ ಚರ್ಮದ ಪಟ್ಟಿಯಾದರೆ ವಾಲುವುದೂ ಸ್ವಲ್ಪ ತಗ್ಗುತ್ತದೆ. ಸಾಮಾನ್ಯ ಬೇಸ್‌ನಲ್ಲಿ ಕಂಪಿಸುವ ತಂತಿಯ ಉದ್ದ 34 ಅಂಗುಲ. 30 ಅಂಗುಲದ ಗಿಡ್ಡ ಮಾದರಿಗಳಲ್ಲಿ ಎಡಗೈ ಬೆರಳುಗಳನ್ನು ಅಷ್ಟು ಅಗಲಿಸಬೇಕಿಲ್ಲ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲಿನಾಕಾರದ ಹೋಫ್ನರ್ ಇದೇ ವರ್ಗದ್ದು. ಒಳಗೆ ಟೊಳ್ಳಾದ್ದರಿಂದ ಬಹಳ ಹಗುರ. 1972ರಲ್ಲಿ ಕಳುವಾಗಿದ್ದ ಆ ವಾದ್ಯ ಮತ್ತೆ ಅವರ ಕೈಸೇರಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ಅದೇ ಡಿಸೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ, ಲಂಡನ್‌ನ ವೇದಿಕೆಯ ಮೇಲೆ ಅದನ್ನು ನುಡಿಸಿದರು.

ಅಂದಮೇಲೆ ವಾದ್ಯ ಬದಲಿಸಬೇಕೋ ಬೇಡವೋ ಎಂಬುದನ್ನು ಹೆಗಲು, ಮಣಿಕಟ್ಟು, ಕಿವಿ ನಿರ್ಧರಿಸಲಿ. ಬಣ್ಣಕ್ಕೆ ಆ ಅಧಿಕಾರ ಕೊಡಬೇಕಾಗಿಲ್ಲ. ಥಳುಕು ನಿಜಕ್ಕೂ ರುಚಿಸದೆ ಹೋಗಿದ್ದರೆ ಮಾತು ಬೇರೆ, ಅಭಿರುಚಿ ಬದಲಾಗುವುದು ಸಹಜ. ಆದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸುವಾಗ ಇಷ್ಟವಾಗುವ ವಾದ್ಯ ನಾಲ್ಕು ಜನರ ಎದುರಿಗೆ ಮಾತ್ರ ಬೇಡವೆನಿಸಿದರೆ ಅದನ್ನು ಅಭಿರುಚಿಯೆಂದು ಕರೆಯುವುದು ಹೇಗೆ?

ನಮ್ಮ ಲೆಕ್ಕಪತ್ರದ ಮುಖ್ಯಸ್ಥರಿಗೆ ಇಷ್ಟನ್ನೂ ವಿವರಿಸಿದಾಗ ಅವರು ಮಾಡಿದ ಮೊದಲ ಕೆಲಸ ಲಗೇಜು ತೂಗುವ ಕೈತಕ್ಕಡಿ ತಂದು ಗಿಟಾರನ್ನು ನೇತುಹಾಕಿದ್ದು. 4 ಕಿಲೋ 600 ಗ್ರಾಂ. "ವಿಮಾನದಲ್ಲಿ ಕೈಚೀಲಕ್ಕೆ ಏಳು ಕಿಲೋ ಬಿಡುತ್ತಾರೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮೂರೂವರೆ ಅಂಗುಲದ ಚರ್ಮದ ಪಟ್ಟಿ ಬಂದಿದೆ. ತಾಲೀಮು ಅರ್ಧ ಗಂಟೆಗೊಮ್ಮೆ ನಿಲ್ಲುತ್ತದೆ, ಎಲ್ಲರಿಗೂ ಚಹಾ. ಮಾರಾಟದ ಮಾತನ್ನು ಸದ್ಯಕ್ಕೆ ಯಾರೂ ಎತ್ತುತ್ತಿಲ್ಲ. ಆದರೆ ಮಗಳು ಈ ನಡುವೆ ಆ ಕೆಂಪು ಬೇಸ್‌ನೊಂದಿಗೆ ತನ್ನದೊಂದು ಫೋಟೊ ತೆಗೆಸಿಕೊಂಡಿದ್ದಾಳೆ.