ಶರೀಫ ಸಾಹೇಬರ ಹಾಡು: ಕೊನೆಯ ನುಡಿಯವರೆಗೆ

ಮಳೆಗಾಲದ ಒಂದು ಸಂಜೆ ನಿಮ್ಮ ಮನೆಯ ಬಾನುಲಿಯಲ್ಲಿ ಸೋರುವ ಮಾಳಿಗೆಯ ಹಾಡು ಬರುತ್ತದೆ ಎಂದುಕೊಳ್ಳಿರಿ. ಮನೆಯ ಮಕ್ಕಳು ಪಲ್ಲವಿಗೆ ದನಿಗೂಡಿಸುತ್ತಾರೆ. ಅಜ್ಜಿಯಿದ್ದರೆ ಆಕೆ ಹಾಡುವುದಿಲ್ಲ. ಒಮ್ಮೆ ತಲೆಯೆತ್ತಿ ಮೇಲೆ ನೋಡುತ್ತಾಳೆ. ಮೇಲಿರುವುದು ಸಿಮೆಂಟಿನ ಛಾವಣಿ, ಸೋರುವ ಭಯವಿಲ್ಲ. ಆದರೂ ನೋಡುತ್ತಾಳೆ. ಈ ಹಾಡಿನ ಗುಟ್ಟು ಆ ನೋಟದಲ್ಲಿದೆ.

ಹಾಡನ್ನು ಕಟ್ಟಿದವರು ಶಿಶುನಾಳದ ಶರೀಫ ಸಾಹೇಬರೆಂಬುದು ನಿಮಗೆ ತಿಳಿದೇ ಇದೆ. ಅವರು ಹುಟ್ಟಿದ್ದು 1819ರಲ್ಲಿ. ಶಿಶುನಾಳವು ಶಿಗ್ಗಾಂವಿ ತಾಲ್ಲೂಕಿನ ಊರು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಅಂದಿನಿಂದ ಹಾವೇರಿ ಜಿಲ್ಲೆಗೆ ಸೇರಿದೆ. ತಂದೆ ಇಮಾಮ ಸಾಹೇಬರು. ಮಗ ಕನ್ನಡ ಕಲಿತು, ಮುಲ್ಕಿ ಪರೀಕ್ಷೆ ಮುಗಿಸಿ, ಕೆಲಕಾಲ ಸುತ್ತಲಿನ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದರು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕುಂದಗೋಳ ತಾಲ್ಲೂಕಿನ ಕಳಸದಲ್ಲಿ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುಗಳಿದ್ದರು; ಶರೀಫರು ಅವರನ್ನು ಹಿಡಿದರು, ಭಟ್ಟರು ಇವರನ್ನು ಬಿಡಲಿಲ್ಲ. ಮುಸಲ್ಮಾನ ಶಿಷ್ಯನ ಕೊರಳಿಗೆ ಗುರು ತಾವೇ ಜನಿವಾರ ಹಾಕಿದರೆಂಬ ಕಥೆಯನ್ನು ಈ ಸೀಮೆಯಲ್ಲಿ ಇಂದಿಗೂ ಹೇಳುತ್ತಾರೆ. 1889ರಲ್ಲಿ ಶರೀಫರು ತೀರಿಕೊಂಡರು. ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡೂ ಮತದವರು ನಡೆದುಕೊಳ್ಳುತ್ತಾರೆ.

ಇಷ್ಟು ಅವರ ಬಾಳು. ಅರಮನೆಯ ಆಶ್ರಯವಿಲ್ಲ, ಮಠದ ಅಧಿಕಾರವಿಲ್ಲ. ಹಾಡುಗಳು ಬಾಯಿಂದ ಬಾಯಿಗೆ ಬಂದವು. ಭಜನೆಯವರು ಏಕತಾರಿ ದಮ್ಮಡಿಗಳೊಂದಿಗೆ ಹಾಡಿದರು. ಮೊಹರಮ್ಮಿನ ಅಲಾವಿ ಕುಣಿತದವರು ಅವರ ರಿವಾಯತ ಪದಗಳನ್ನು ಹಾಡಿದರು. ಹಾಗಿದ್ದ ಮೇಲೆ ಒಂದೂವರೆ ನೂರು ವರ್ಷದ ಹಿಂದಿನ ಪದಗಳು ಇಂದಿನ ಪೇಟೆಯ ಮನೆಯಲ್ಲಿಯೂ ಕೇಳುವುದೇಕೆ?

ಉತ್ತರಕ್ಕೆ ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಕಡೆಗೊಮ್ಮೆ ಹೋಗಿಬರೋಣ. ಅದು ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಕರಿಮಣ್ಣಿನ ನಾಡು. ಈ ಯರಿನಾಡಿನ ಹಳೆಯ ಮನೆಗೆ ಹಂಚಿನ ಇಳಿಜಾರಿಲ್ಲ, ಮಟ್ಟಸವಾದ ಮಣ್ಣಿನ ಮಾಳಿಗೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣಿನ ಮೇಲುಮುದ್ದೆ. ಹೊಲದ ಯರಿಮಣ್ಣು ಇದಕ್ಕೆ ಬರುವುದಿಲ್ಲ, ಬಿಸಿಲಿಗೆ ಬಿರಿಯುತ್ತದೆ. ಅದಕ್ಕೆ ಬೇರೆ ಮಣ್ಣು ತಂದು, ಬೇಸಿಗೆಯಲ್ಲಿ ಹರವಿ, ಬಡಿದು ಗಟ್ಟಿ ಮಾಡಬೇಕು. ಒಂದು ವರ್ಷ ಮೈಗಳ್ಳತನ ಮಾಡಿದರೂ ಮಾಳಿಗೆಯ ಮೇಲೆ ಹುಲ್ಲು ಬೇರಿಳಿಸುತ್ತದೆ, ಇರುವೆ ತೂತು ಕೊರೆಯುತ್ತದೆ, ನೀರು ಅದೇ ದಾರಿ ಹಿಡಿಯುತ್ತದೆ.

ಈಗ ಆ ಹಾಡನ್ನು ನೆನೆಯಿರಿ. ಹುಲ್ಲು, ಇರುವೆ, ಸವೆದ ತೊಲೆ, ಹುಳು ತಿಂದ ಜಂತಿ, ಕತ್ತಲಲ್ಲಿ ಮೇಲೇರಲಾರದ ಮನೆಯೊಡೆಯ, ಎಲ್ಲವೂ ಅದರಲ್ಲಿವೆ. ಮನೆ ಎಂದರೆ ದೇಹ, ಸೋರುವುದು ಅಜ್ಞಾನದಿಂದ ಎಂದು ಬಲ್ಲವರು ಅರ್ಥ ಹೇಳುತ್ತಾರೆ, ಅದು ಸರಿಯೇ. ಆದರೆ ಮೊದಲು ಅದು ನಿಜವಾದ ಮಾಳಿಗೆ. ಅದನ್ನು ರಿಪೇರಿ ಮಾಡಿ ಕೈ ಕೆಸರಾದವನಿಗೆ ವೇದಾಂತವನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ. ಶರೀಫರ ಹಾಡಿನ ಮೊದಲ ಬಲವಿದು.

ಎರಡನೆಯ ಬಲವು ಕೊನೆಯ ನುಡಿಯಲ್ಲಿದೆ. ಅಲ್ಲಿ ಮನೆಯೊಡೆಯನು ಹೆಂಡತಿಯನ್ನು ಕರೆದು ಹುಬ್ಬಿಯ ಮಳೆ ಬಂದುದನ್ನು ಹೇಳುತ್ತಾನೆ. ಹುಬ್ಬಿ ಎಂದರೆ ಹುಬ್ಬೆಯ ಮಳೆ. ಆಗಸ್ಟಿನ ಕೊನೆಗೆ ಹೂಡಿ ಸೆಪ್ಟೆಂಬರಿನ ಮಧ್ಯದವರೆಗೆ ಬೀಳುವಂಥದು. ಅಷ್ಟರಲ್ಲಿ ಮಾಳಿಗೆ ನೆನೆದು ತೊಯ್ದಿರುತ್ತದೆ. ಮಣ್ಣು ಹಾಕುವ ಬೇಸಿಗೆ ಎಂದೋ ಕಳೆದಿದೆ. ಹಸಿಯ ಮೇಲೆ ಹಸಿಮಣ್ಣು ಹಾಕಿದರೆ ಭಾರ ಹೆಚ್ಚೀತೇ ಹೊರತು ಸೋರುವುದು ನಿಲ್ಲದು. ಆಯುಷ್ಯದ ಬೇಸಿಗೆಯನ್ನು ಕಳೆದುಕೊಂಡ ಮನುಷ್ಯನ ಮಾತಿದು. ಉಳಿದ ಭಾರವನ್ನು ಅವನು ಶಿಶುನಾಳದ ಒಡೆಯನ ಮೇಲೆ ಹಾಕುತ್ತಾನೆ. ಪಲ್ಲವಿಯನ್ನಷ್ಟೇ ಕೇಳಿದವರಿಗೆ ಇದು ಗೊಣಗಾಟವೆನಿಸೀತು. ಕೊನೆಯವರೆಗೆ ಕೇಳಿದವರಿಗೆ ಶರಣಾಗತಿ.

ಕೋಳಿಯು ಕೋಡಗವನ್ನು ನುಂಗಿದ ಹಾಡೂ ಹೀಗೆಯೇ. ಆಡು ಆನೆಯನ್ನು, ಒಳ್ಳು ಒನಕೆಯನ್ನು ನುಂಗುತ್ತ ಹೋದಂತೆ ಮಕ್ಕಳು ನಗುತ್ತಾರೆ. ನಗಲಿ. ಅಲ್ಲಮಪ್ರಭುವಿನ ಬೆಡಗಿನ ವಚನಗಳಿಂದ ಬಂದ ದಾರಿಯಿದು. ಲೋಕದ ಅಳತೆಯನ್ನು ತಲೆಕೆಳಗು ಮಾಡಿ ಬುದ್ಧಿಯನ್ನು ಬೆಚ್ಚಿಸುವ ಬಗೆ. ಬೀಗದ ಕೈ ಇರುವುದು ಕೊನೆಯಲ್ಲಿ: ನುಂಗುವ ಸರದಿ ಹಾಡುವವನಿಗೇ ಬರುತ್ತದೆ, ಗುರು ಗೋವಿಂದರ ಪಾದದಲ್ಲಿ ಅವನು ಇಲ್ಲವಾಗುತ್ತಾನೆ. ‘ನಾನು’ ಎಂಬುದೇ ಕೊನೆಯ ತುತ್ತು.

ಹಳೆಯದನ್ನು ಮಾತ್ರ ಹಾಡಿದವರಲ್ಲ ಶರೀಫರು. ಅವರ ಕಾಲಕ್ಕೆ ಹೊಸದಾಗಿ ಬಂದ ಹತ್ತಿಯ ಗಿರಣಿಯನ್ನೂ ಕಣ್ಣಿಟ್ಟು ನೋಡಿ ಪದ ಕಟ್ಟಿದರು. ಕಂಡುದು ಯಂತ್ರವಾಗಲಿ, ತಂಬೂರಿಯಾಗಲಿ, ಅದರ ಭಾಗಗಳನ್ನು ಸರಿಯಾಗಿ ತಿಳಿಯದೆ ಅದರಿಂದ ಅರ್ಥ ತೆಗೆಯುವವರಲ್ಲ.

ಹಳ್ಳಿಯ ಭಜನೆಯಲ್ಲಿದ್ದ ಈ ಪದಗಳು ಪೇಟೆಗೆ ಬಂದುದರಲ್ಲಿ ಇಬ್ಬರ ಉಪಕಾರ ದೊಡ್ಡದು. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಹಾಡುಗಳನ್ನು ಆರಿಸಿಕೊಟ್ಟರು, ಸಿ. ಅಶ್ವಥ್ ರಾಗ ಕೂಡಿಸಿ, ಎದೆ ತುಂಬಿ ಹಾಡಿದರು. 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅಶ್ವಥ್ ಅವರದೇ ಸಂಗೀತ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ನಟಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು.

ರಾಗ ಉಳಿದಿದೆ, ಸಂತೋಷ. ಆದರೆ ಮಾಳಿಗೆಯ ಮನೆಗಳು ಕಡಿಮೆಯಾಗುತ್ತಿವೆ. ಮೇಲುಮುದ್ದೆ ಎಂದರೇನೆಂದು ಬಲ್ಲವರು ವಯಸ್ಸಾದವರು. ಅವರು ಇಲ್ಲವಾದ ಮೇಲೆ ನಮಗೆ ಉಳಿಯುವುದು ಒಳ್ಳೆಯ ಧಾಟಿ ಮಾತ್ರ. ಆದುದರಿಂದ ಇನ್ನೊಮ್ಮೆ ಈ ಹಾಡು ಬಂದಾಗ ಎರಡು ಕೆಲಸ ಮಾಡಿರಿ. ಪಲ್ಲವಿ ಮುಗಿಯಿತೆಂದು ಬಾನುಲಿಯ ಕಿವಿ ತಿರುವಬೇಡಿರಿ, ಕೊನೆಯ ನುಡಿಯವರೆಗೆ ಕೇಳಿರಿ. ಆಮೇಲೆ, ಮೇಲೆ ನೋಡಿದ ಆ ಅಜ್ಜಿಯನ್ನು, ಅವರ ಊರ ಮಾಳಿಗೆಗೆ ಯಾವ ಮಣ್ಣು ಹಾಕುತ್ತಿದ್ದರು, ಎಲ್ಲಿಂದ ತರುತ್ತಿದ್ದರು ಎಂದು ಕೇಳಿರಿ. ಆಕೆ ಹೇಳತೊಡಗಿದರೆ ಹಾಡಿನ ಅರ್ಥ ನಿಮ್ಮ ಮನೆಯಲ್ಲೇ ಸಿಕ್ಕೀತು.