ಮುರಕಲ್ಲಿನ ಗೋಡೆಯಿಂದ ಕುಂಡಕ್ಕೆ

ಆಟಿ ತಿಂಗಳಲ್ಲಿ ಬಂಟ್ವಾಳದ ಸುತ್ತಮುತ್ತ ಜರೀಗಿಡ ಹುಡುಕಿಕೊಂಡು ಹೋಗಬೇಕಿಲ್ಲ. ಅಗಳಿನ ಬದಿ, ಬಾವಿಯ ಒಳಗೋಡೆ, ಮಾಡು ಕುಸಿದ ಹಳೆಮನೆಯ ಮುರಕಲ್ಲು, ಎಲ್ಲಿ ತೇವ ನಿಂತಿತೋ ಅಲ್ಲಿ ಅದು ಹಾಜರು. ಅದನ್ನೇ ಬಿ.ಸಿ.ರೋಡಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಂಡದಲ್ಲಿಟ್ಟು ಸಾಕುವವರು ಮಾತ್ರ ಮಾರ್ಚ್ ಬಂತೆಂದರೆ ತಲೆ ಮೇಲೆ ಕೈಹೊತ್ತು ಕೂರುತ್ತಾರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಹೊಯ್ಯುವ ಜಿಲ್ಲೆ ನಮ್ಮದು ನಿಜ; ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿದಿರುತ್ತದೆ. ಆ ನಾಲ್ಕು ತಿಂಗಳು ಗಿಡವನ್ನು ಮಳೆಯೇ ನೋಡಿಕೊಳ್ಳುತ್ತದೆ. ನಮ್ಮ ಕೈಚಳಕವೆಲ್ಲ ಬೇಸಿಗೆಗೆ ಬೇಕು.

ನರ್ಸರಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ತೊಟ್ಟೆಯಲ್ಲಿರುವ ಬೋಸ್ಟನ್ ಫರ್ನ್. 1894ರಲ್ಲಿ ಫಿಲಡೆಲ್ಫಿಯಾದಿಂದ ಬೋಸ್ಟನ್ನಿಗೆ ಹೋದ ಗಿಡಗಳ ನಡುವೆ ಸಿಕ್ಕ, ಗರಿ ಬಾಗಿ ಇಳಿಯುವ ತಳಿ ಇದು. ಬೀಜಕಣಗಳಿಂದ ಇದರ ಸಂತಾನ ಬೆಳೆಯುವುದಿಲ್ಲ. ಬುಡದಿಂದ ಹೊರಡುವ ತೆಳುವಾದ ಕುಡಿ ಮಣ್ಣು ಮುಟ್ಟಿದಲ್ಲಿ ಮರಿ ಹುಟ್ಟುತ್ತದೆ. ಹೊಸಬರಿಗೆ ಇದಕ್ಕಿಂತ ಸಾಧು ಗಿಡ ಇನ್ನೊಂದಿಲ್ಲ. ಆದರೂ ನನ್ನ ಮನಸ್ಸು ಹೆಚ್ಚು ಒಲಿಯುವುದು ಇಲ್ಲಿಯವೇ ಆದ ಎರಡು ಜಾತಿಗಳಿಗೆ.

ಒಂದು, ಮೂಡುಬಿದಿರೆಯ ಕಡೆಯ ಹಳೆಯ ಮುರಕಲ್ಲಿನ ಗೋಡೆಗಳಲ್ಲಿ ಮಳೆಗಾಲಕ್ಕೆ ಚಿಗುರುವ ಅಡಿಯಾಂಟಮ್. ಕಪ್ಪಗೆ ಮಿರಿಮಿರಿ ಮಿಂಚುವ ಕಡ್ಡಿ, ಅದರ ಎರಡೂ ಬದಿಗೆ ಅರ್ಧಚಂದ್ರದಂಥ ಎಲೆ. ನೀರಿನಲ್ಲಿ ಮುಳುಗಿಸಿ ತೆಗೆದರೂ ಎಲೆ ಒಣಗಿಯೇ ಇರುತ್ತದೆ. ಹನಿಗಳು ಉರುಳಿ ಹೋಗುತ್ತವೆ. ಗರಿಯ ತುದಿ ಬಾಗಿ ನೆಲ ಮುಟ್ಟಿದರೆ ಅಲ್ಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಕುಂಡವಿಟ್ಟು ಆ ತುದಿಯನ್ನು ಅದರೊಳಗೆ ಬಾಗಿಸಿದರೆ ಸಾಕು, ಖರ್ಚಿಲ್ಲದೆ ಮರಿ. ಈ ಗಿಡ ಸಾಯುವುದಕ್ಕಿಂತ ಹೆಚ್ಚಾಗಿ ಎಸೆಯಲ್ಪಡುತ್ತದೆ. ಮಳೆ ಕಳೆದು ತಿಂಗಳುಗಳಾದಾಗ ಎಲೆಯೆಲ್ಲ ಉದುರಿ ಕುಂಡ ಬೋಳಾಗುತ್ತದೆ, ಗಿಡ ಸತ್ತಿತೆಂದು ಮನೆಯವರು ಮಣ್ಣನ್ನು ತೆಂಗಿನ ಬುಡಕ್ಕೆ ಸುರಿಯುತ್ತಾರೆ. ಸತ್ತಿರುವುದಿಲ್ಲ. ಗೆಡ್ಡೆ ಪೂರ್ತಿ ಒಣಗದಷ್ಟು ನೀರು ಚಿಮುಕಿಸಿ ನೆರಳಿಗೆ ಸರಿಸಿಟ್ಟರೆ, ಪತ್ತನಾಜೆ ಕಳೆದು ನಾಲ್ಕು ಮಳೆ ಬಿದ್ದಾಗ ಸುರುಳಿ ಬಿಚ್ಚಿಕೊಂಡು ಏಳುತ್ತದೆ.

ಇನ್ನೊಂದು, ತೆಂಗು, ಹಲಸು, ಮಾವಿನ ಕಾಂಡಕ್ಕೆ ಅಂಟಿ ಬೆಳೆಯುವ ಡ್ರೈನೇರಿಯಾ. ಬುಡದಲ್ಲಿ ಕಂದುಬಣ್ಣದ ಗಿಡ್ಡ ಎಲೆಗಳು ಒತ್ತಾಗಿರುತ್ತವೆ. ಒಣಗಿದ ಎಲೆಗಳೆಂದು ಕಿತ್ತುಹಾಕುವವರೇ ಹೆಚ್ಚು. ಮೇಲಿನಿಂದ ಬೀಳುವ ತರಗೆಲೆ, ಧೂಳು ಎಲ್ಲವನ್ನೂ ಹಿಡಿದಿಟ್ಟು ಕೊಳೆಸಿ ಗಿಡಕ್ಕೆ ಗೊಬ್ಬರ ಒದಗಿಸುವುದು ಅವೇ. ಅಳಿಲಿನ ಬಾಲದಂತೆ ರೋಮ ತುಂಬಿದ ಇದರ ಬೇರುಕಾಂಡವನ್ನು ಮಣ್ಣಲ್ಲಿ ಹೂಳಬಾರದು. ಬಿರುಗಾಳಿಗೆ ಮುರಿದ ಗೆಲ್ಲಿನ ಮೇಲೆ ಸಿಕ್ಕ ತುಂಡನ್ನು ತೆಂಗಿನ ಸಿಪ್ಪೆಗೆ ಕಟ್ಟಿ ಸಿಟೌಟಿನ ಮಾಡಿಗೆ ತೂಗುಹಾಕಿದರೆ ಚೆನ್ನಾಗಿ ಹಬ್ಬುತ್ತದೆ.

ಚಾರ್ಮಾಡಿ ಘಾಟಿಯಲ್ಲಿ ನೀರಿಳಿಯುವ ಬಂಡೆಗಳನ್ನು ಕಂಡಾಗ ಕೆಲವರಿಗೆ ಕೈ ತುರಿಸುವುದುಂಟು. ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. ಅದೂ ಅಲ್ಲದೆ ಘಾಟಿಯ ತಂಪಿನಲ್ಲಿ ಬೆಳೆದದ್ದು ಬಂಟ್ವಾಳದ ಏಪ್ರಿಲ್ ಸೆಕೆಗೆ ಬಾಡಿಹೋಗುತ್ತದೆ.

ಕುಂಡ ಮಣ್ಣಿನದ್ದೇ ಆಗಲಿ. ಕೊಳೆತ ತರಗೆಲೆ, ಸಿಪ್ಪೆಯ ತುಂಡು, ಒಂದಿಷ್ಟು ಹೊಯ್ಗೆ, ಒಲೆಯ ಮಸಿಕೆಂಡದ ಚೂರು ಸೇರಿಸಿದರೆ ನೀರು ನಿಲ್ಲದ ಹದ ಸಿಗುತ್ತದೆ. ಅಂಗಡಿಯ ಕೋಕೋಪೀಟ್ ತಂದರೆ ಎರಡು ಮೂರು ನೀರಲ್ಲಿ ತೊಳೆದು ಉಪ್ಪಿನಂಶ ಬಿಡಿಸಿ. ಹಸಿ ಹಟ್ಟಿಗೊಬ್ಬರ ಬೇಡವೇ ಬೇಡ, ಎಳೆ ಬೇರು ಸುಟ್ಟುಹೋಗುತ್ತದೆ.

ಬೇಸಿಗೆಗೆ ಗಾಜಿನ ಪೆಟ್ಟಿಗೆ ಪರಿಹಾರವೆಂದು ಈಗ ಹಲವರು ಹೇಳುತ್ತಾರೆ. ಅದರ ಮೂಲ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್. ಪತಂಗದ ಕೋಶ ಇಟ್ಟಿದ್ದ ಮುಚ್ಚಿದ ಸೀಸೆಯಲ್ಲಿ ತಾನಾಗಿ ಜರೀಗಿಡ ಚಿಗುರಿದ್ದನ್ನು ಆತ 1829ರಲ್ಲಿ ಗಮನಿಸಿದ. ಲಂಡನ್ನಿನ ಹೊಗೆಯಿಂದ ಗಿಡ ಕಾಪಾಡಲು ಅದು ಸರಿ. ನಮ್ಮ ಬಾಲ್ಕನಿಯ ಬಿಸಿಲಿಗೆ ಅದರೊಳಗೆ ಗಿಡ ಬೆಂದೇಹೋದೀತು. ಇಲ್ಲಿ ಹೊಗೆಗಿಂತ ಹೆದ್ದಾರಿಯ ಕೆಂಧೂಳಿನ ಕಾಟ ದೊಡ್ಡದು. ವಾರಕ್ಕೊಮ್ಮೆ ಎಲೆಗೆ ನೀರು ಹಾಯಿಸಿ ತೊಳೆಯಿರಿ. ಕುಂಡಗಳನ್ನು ಒತ್ತೊತ್ತಾಗಿ ಇಟ್ಟು ಕೆಳಗೆ ಜಲ್ಲಿಕಲ್ಲು ಹರಡಿದ ತಟ್ಟೆಯಲ್ಲಿ ನೀರು ನಿಲ್ಲಿಸಿ. ಪಡುವಣ ಬಿಸಿಲು ಬೀಳುವ ಕಡೆ ಶೇಡ್ ನೆಟ್ ಕಟ್ಟದೆ ಗತ್ಯಂತರವಿಲ್ಲ.

ಎಲೆಯ ಹಿಂಬದಿಯ ಕಂದು ಚುಕ್ಕೆಗಳನ್ನು ಕೀಟವೆಂದು ತಿಳಿದು ಔಷಧಿ ಹೊಡೆಯುವವರಿದ್ದಾರೆ. ಸಾಲಾಗಿ, ಒಂದೇ ಅಳತೆಯಲ್ಲಿ ಕೂತಿದ್ದರೆ ಅವು ಬೀಜಕಣಗಳ ಗುಂಪು. ಅಡ್ಡಾದಿಡ್ಡಿಯಾಗಿದ್ದು ಉಗುರಿಗೆ ಎದ್ದುಬಂದರೆ ಮಾತ್ರ ಶಲ್ಕ ಕೀಟ. ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ತೋಡಿನ ಬದಿಯ ಬೆಳ್ಳಿಜರಿಯ ಹಿಂಬದಿಯಲ್ಲಿ ಬಿಳಿ ಹುಡಿಯೇ ಇರುತ್ತದೆ, ಅದನ್ನು ಮುಂಗೈಗೆ ಒತ್ತಿ ಅಚ್ಚು ಹಾಕಿಕೊಳ್ಳುವುದು ಮಕ್ಕಳ ಆಟ. ಆ ಗಿಡ ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿಯದೇ ಆಗಿಬಿಟ್ಟಿದೆ.

ಹೀಗೆ ಹೊರಗಿನಿಂದ ಇಲ್ಲಿಗೆ ಬಂದವರಲ್ಲಿ ಆಫ್ರಿಕನ್ ಬಸವನಹುಳುವೂ ಒಂದು. ಮಳೆಗಾಲದ ಒಂದೇ ರಾತ್ರಿಯಲ್ಲಿ ಎಳೆ ಸುರುಳಿಗಳನ್ನೆಲ್ಲ ಮೇಯ್ದು ಹೋಗುತ್ತದೆ. ಸಿಟ್ಟಿನಲ್ಲಿ ಕುಂಡದ ಮೇಲೆ ಉಪ್ಪು ಎರಚಬೇಡಿ, ಹುಳುವಿನ ಜೊತೆ ಬೇರೂ ಸಾಯುತ್ತದೆ. ಊಟವಾದ ಮೇಲೆ ಟಾರ್ಚು ಹಿಡಿದು, ಕೈಗೆ ತೊಟ್ಟೆ ಹಾಕಿಕೊಂಡು ಹೆಕ್ಕಿ ತೆಗೆಯಿರಿ.